ಕನ್ನಡ ಕಡಲಿನ ಕೆಂಪು ನೀರು

ಕಡಲಿನ ಬಣ್ಣ ನೀಲಿ ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಭಟ್ಕಳದ ಬಂದರಿನಲ್ಲಿಯೋ, ಹೊನ್ನಾವರದ ಕಾಸರಕೋಡಿನಲ್ಲಿಯೋ, ಕುಮಟೆ ತಾಲ್ಲೂಕಿನ ತದಡಿಯಲ್ಲಿಯೋ ಬಲೆ ಹೆಣೆಯುತ್ತ ಕುಳಿತವರನ್ನು ಕೇಳಿ ನೋಡಿ. ಅವರು ಇಷ್ಟು ಸುಲಭವಾಗಿ ಈ ಮಾತನ್ನು ಒಪ್ಪಲಾರರು. ಆಷಾಢದಲ್ಲಿ ಕಡಲು ಕೆಸರಿನ ಬಣ್ಣ. ಮಳೆಯ ಜೋರು ಇಳಿದು, ನೂಲಹುಣ್ಣಿಮೆಯ ಪೂಜೆ ಮುಗಿದು, ದೋಣಿಗಳು ನೀರಿಗಿಳಿಯುವ ಹೊತ್ತಿಗೆ ಅದು ಹಸಿರು. ಬೇಸಗೆಯಲ್ಲಿ ಕೆಲವು ದಿನ ಮರ ಕೊಯ್ದ ಹೊಟ್ಟನ್ನು ಯಾರೋ ನೀರಿನ ಮೇಲೆ ಚೆಲ್ಲಿದಂತೆ ಹಳದಿ-ಕಂದು ಪಟ್ಟಿಗಳು. ಇನ್ನು ಕೆಲವು ವರ್ಷ, ಮಳೆ ಬಿಡುವು ಕೊಟ್ಟು ಬಿಸಿಲು ಕಾಯುವ ದಿನಗಳಲ್ಲಿ, ಕಡಲು ಇಟ್ಟಿಗೆಯ ಪುಡಿ ಕಲಸಿದಂತೆ ಕೆಂಪಾಗುತ್ತದೆ. ಆ ನೀರು ಕಂಡರೆ ಬಲೆಗಾರನಿಗೆ ಕೈಕಾಲು ಬೀಳುತ್ತದೆ. ಬಂಗಡೆಯಿಲ್ಲ, ತಾರ್ಲೆಯಿಲ್ಲ, ಇಂಥ ನೀರಿನ ಕೆಲವು ಬಗೆಗಳಲ್ಲಿ ದಡದ ಮೇಲೆ ಸತ್ತ ಮೀನಿನ ಸಾಲು ಬೇರೆ.

ಈ ಬಣ್ಣಗಳಿಗೂ ಒಂದು ಇತಿಹಾಸವುಂಟು. ರಾಜರ ಇತಿಹಾಸದಂತೆ ಅದನ್ನು ಶಾಸನಗಳಲ್ಲಿ ಯಾರೂ ಕೆತ್ತಿಸಲಿಲ್ಲ. ಈ ಬಂದರುಗಳಿಗೆ ಬಂದ ಪರದೇಶೀಯರು ಕಡಿಮೆಯೇನಲ್ಲ. ಹೊನ್ನಾವರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಬಂದಿದ್ದನು; ಅಲ್ಲಿನ ಹೆಣ್ಣುಮಕ್ಕಳ ಶಾಲೆಗಳನ್ನು ಕಂಡು ಬರೆದಿಟ್ಟನು. ಭಟ್ಕಳಕ್ಕೆ ವಿಜಯನಗರದ ಕುದುರೆಗಳು ಹಡಗಿನಲ್ಲಿ ಬಂದವು, ಪೋರ್ತುಗೀಸರು ಬಂದರು. ಬಂದವರ ಕಣ್ಣು ಮೆಣಸಿನ ಮೇಲೆ, ಸುಂಕದ ಮೇಲೆ. ನೀರಿನೊಳಗಿನ ಸಂಗತಿಯನ್ನು ತಿಳಿಯುವ ಕುತೂಹಲ ಇತಿಹಾಸದಲ್ಲಿ ಬಹಳ ತಡವಾಗಿ ಹುಟ್ಟಿತು. ಹುಟ್ಟಿದ ಮೇಲೂ ಅದು ನಮ್ಮ ಈ ಮೂರು ಊರುಗಳ ಹೊಸ್ತಿಲಲ್ಲಿಯೇ ಬಹುಕಾಲ ನಿಂತಿತ್ತು. ಹೇಗೆಂಬುದನ್ನು ಈಗ ಹೇಳುತ್ತೇನೆ.

1862ರಲ್ಲಿ ಆಗಿನ ಸರಕಾರ ಕನ್ನಡ ಸೀಮೆಯನ್ನು ಎರಡು ಇಲಾಖೆಗಳಿಗೆ ಹಂಚಿತು. ಕುಂದಾಪುರದಿಂದ ತೆಂಕಣ ಭಾಗ ಮದರಾಸಿಗೆ ಉಳಿಯಿತು. ಭಟ್ಕಳದಿಂದ ಬಡಗಣ ಭಾಗ ಮುಂಬಯಿ ಇಲಾಖೆಗೆ ಹೋಯಿತು. ಶಿರೂರಿಗೂ ಭಟ್ಕಳಕ್ಕೂ ನಡುವೆ ನೆಲದ ಮೇಲೆ ಎಳೆದ ಈ ಗೆರೆ ಕಡಲಿಗೆ ಗೊತ್ತಿರಲಿಲ್ಲ. ಆದರೆ ಕಡಲನ್ನು ಪರೀಕ್ಷಿಸತಕ್ಕ ಅಧಿಕಾರಿಗಳಿಗೆ ಗೊತ್ತಿತ್ತು. ಮದರಾಸು ಸರಕಾರವು ಮೀನುಗಾರಿಕೆಗೆಂದು ಒಂದು ಇಲಾಖೆಯನ್ನು ಕಟ್ಟಿ ಜೇಮ್ಸ್ ಹಾರ್ನೆಲ್ ಎಂಬ ಇಂಗ್ಲಿಷರನ್ನು ಕರೆದುಕೊಂಡಿತು. ಸಿಂಹಳದ ಮುತ್ತಿನ ಚಿಪ್ಪುಗಳ ಮೇಲೆ ಕೆಲಸ ಮಾಡಿ ಬಂದಿದ್ದ ಮನುಷ್ಯ. ದೋಣಿಗಳೆಂದರೆ ಈತನಿಗೆ ಪ್ರಾಣ; ಭಾರತದ ದೋಣಿಗಳ ಆಕಾರಗಳನ್ನು ಕುರಿತು 1920ರಲ್ಲಿ ಬರೆದದ್ದನ್ನು ಇಂದಿಗೂ ಬಲ್ಲವರು ಓದುತ್ತಾರೆ. ದೋಣಿಯ ಮೇಲೆ ಪ್ರೀತಿಯಿದ್ದವನಿಗೆ ದೋಣಿಯಲ್ಲಿ ಕುಳಿತವರ ಮಾತಿನ ಮೇಲೂ ಗೌರವವಿರುವುದು ಸಹಜ.

1908ರಲ್ಲಿ ಹಾರ್ನೆಲ್ ಮಲಬಾರಿನ ಕರಾವಳಿಯನ್ನೂ ಲಕ್ಷದ್ವೀಪವನ್ನೂ ಹಡಗಿನಲ್ಲಿ ಸುತ್ತಿದರು. ಪಶ್ಚಿಮ ತೀರದಲ್ಲಿ ನೀರು ಬಣ್ಣಗೆಟ್ಟು ಮೀನುಗಳು ರಾಶಿರಾಶಿಯಾಗಿ ಸಾಯುವ ಸಂಗತಿ ಅವರನ್ನು ಬಿಡದೆ ಕಾಡಿತು. ಮಳೆಗಾಲದ ಭರ ಇಳಿದು, ಕೆಲವು ದಿನ ಚೆನ್ನಾಗಿ ಬಿಸಿಲು ಬಿದ್ದು, ದಡದ ಹರಿವು ಮಂದವಾದಾಗ ಇದು ಒದಗುತ್ತದೆಂಬುದನ್ನು ಗುರುತಿಸಿದರು. ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. 1917ರಲ್ಲಿ ಮದರಾಸಿನ ಮೀನುಗಾರಿಕೆಯ ಪತ್ರಿಕೆಯಲ್ಲಿ, ಮೀನುಗಳ ಈ ಸಾಮೂಹಿಕ ಸಾವಿಗೆ ಕಾರಣ ಕಣ್ಣಿಗೆ ಕಾಣದ ಏಕಕೋಶ ಜೀವಿಯೊಂದು ಎಂದು ಬರೆದರು. ಅದಕ್ಕೆ ಸರಿಯಾದ ಹೆಸರಿಡುವುದು ಅವರಿಂದ ಆಗಲಿಲ್ಲ. ಮದರಾಸಿನ ಅಧಿಕಾರಿಯ ಕೆಲಸ ದಕ್ಷಿಣ ಕನ್ನಡದ ಗಡಿಗೆ ಮುಗಿಯುತ್ತಿತ್ತು. ಭಟ್ಕಳ, ಹೊನ್ನಾವರ, ಕುಮಟೆಗಳು ಮುಂಬಯಿಯ ಪಾಲಿನವು.

ಇದರಲ್ಲಿ ಒಂದು ವಿನೋದವಿದೆ. ನೈಋತ್ಯ ಮಾರುತದ ಕಾಲದಲ್ಲಿ ನಮ್ಮ ತೀರದ ಹರಿವು ಬಡಗಣಿಂದ ತೆಂಕಣಕ್ಕೆ ಸಾಗುತ್ತದೆ. ಎಂದರೆ ಮಂಗಳೂರಿನ ಮುಂದೆಯೂ ಕಲ್ಲಿಕೋಟೆಯ ಮುಂದೆಯೂ ಹಾದುಹೋಗುವ ನೀರಿನಲ್ಲಿ ಎಷ್ಟೋ ಭಾಗ ಮೊದಲು ಕುಮಟೆ, ಹೊನ್ನಾವರ, ಭಟ್ಕಳಗಳ ಮುಂದೆ ಹಾದುಬಂದದ್ದು. ನೀರು ಗಡಿ ದಾಟಿತು, ದಾಖಲೆ ದಾಟಲಿಲ್ಲ.

ನೀರಿಗೆ ಬಣ್ಣ ಬರುವುದೇಕೆ ಎಂದು ನೀವು ಕೇಳಬಹುದು. ಕಡಲಿನ ಮೇಲ್ಪದರದಲ್ಲಿ ಬೆಳಕು ಧಾರಾಳ, ಗೊಬ್ಬರ ಕಡಮೆ. ಆಳದಲ್ಲಿ ಗೊಬ್ಬರ ಧಾರಾಳ, ಬೆಳಕಿಲ್ಲ. ಮಳೆಗಾಲದ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ಸರಿಸಿದಾಗ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರ ಜೊತೆಗೆ ನೈಟ್ರೇಟು, ಫಾಸ್ಫೇಟು ಮೊದಲಾದ ಸಾರ ಬರುತ್ತದೆ. ಘಟ್ಟದಿಂದ ಇಳಿದ ಹೊಳೆಗಳೂ ತಮ್ಮ ಪಾಲನ್ನು ತರುತ್ತವೆ. ಮೋಡ ಸರಿದು ಬಿಸಿಲು ಬಿದ್ದಿತೆಂದರೆ, ಸಾರವೂ ಬೆಳಕೂ ಕೂಡಿದ ಆ ನೀರು ಹೊಸದಾಗಿ ಗೊಬ್ಬರ ಹಾಕಿದ ಗದ್ದೆಯಂತಾಗುತ್ತದೆ. ತೇಲುವ ಸೂಕ್ಷ್ಮ ಪಾಚಿಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಒಂದು ಚೊಂಬು ನೀರಿನಲ್ಲಿ ಲಕ್ಷಗಟ್ಟಲೆ ಆಗುತ್ತವೆ. ಗಾಜಿನ ಚಿಪ್ಪಿನೊಳಗಿರುವ ಡಯಾಟಮುಗಳು ಸಾಮಾನ್ಯವಾಗಿ ಮೊದಲು. ನೀರು ನಿಂತು ಸಾರ ಕುಗ್ಗಿದ ಮೇಲೆ, ಬಾಲದಂಥ ಎಳೆಗಳಿಂದ ಈಜಬಲ್ಲ ಡೈನೋಫ್ಲಾಜೆಲೇಟುಗಳು.

ಇದು ಕೇಡೆಂದು ಒಮ್ಮೆಗೇ ತಿಳಿಯಬೇಡಿರಿ. ನೀವು ಉಣ್ಣುವ ತಾರ್ಲೆಯ ಕೊಬ್ಬೆಲ್ಲ ಈ ಪಾಚಿಯಿಂದಲೇ ಬಂದದ್ದು. ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ಇಬ್ಬರು 1955ರಲ್ಲಿ ಒಂದು ಸೊಗಸಾದ ಸಂಗತಿಯನ್ನು ಪ್ರಕಟಿಸಿದರು: ಫ್ರಾಜಿಲೇರಿಯ ಓಶಿಯಾನಿಕ ಎಂಬ ಡಯಾಟಮು ಹೇರಳವಾದರೆ ತಾರ್ಲೆಯೂ ಹೇರಳವಾಗುತ್ತದೆ, ಒಂದನ್ನು ಕಂಡು ಮತ್ತೊಂದನ್ನು ಹೇಳಬಹುದು. ಕಡಲಿನ ಹೂವು ಬಹುಪಾಲು ಅನ್ನದ ಹೂವು. ಅದರಲ್ಲಿ ಕೆಲವು ಮಾತ್ರ ಬೇರೆ ಜಾತಿಯವು.

ಸ್ವಾತಂತ್ರ್ಯ ಬಂದ 1947ರಲ್ಲಿಯೇ ಕೇಂದ್ರ ಸರಕಾರದ ಕಡಲ ಮೀನುಗಾರಿಕೆಯ ಸಂಶೋಧನಾಲಯವೂ ಹುಟ್ಟಿತು. ಅದರ ಕಲ್ಲಿಕೋಟೆಯ ಶಾಖೆಯಲ್ಲಿ ದುಡಿದವರಲ್ಲಿ ಬಿ. ಎಸ್. ಭೀಮಾಚಾರ್ ಒಬ್ಬರು. ನಮ್ಮ ಮೈಸೂರಿನ ಹೊಳೆಗಳನ್ನು ಬಲ್ಲವರು, ಎ. ಸುಬ್ಬರಾವ್ ಅವರೊಡನೆ ಕಡೂರು ಜಿಲ್ಲೆಯ ಮೀನುಗಳನ್ನು ಕುರಿತು 1941ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬರೆದವರು. ಭದ್ರಾ, ತುಂಗೆಯರ ಮೀನಿನಿಂದ ಅರಬ್ಬೀ ಸಮುದ್ರದ ಮೀನಿಗೆ ಬಂದ ಈ ವಿದ್ವಾಂಸರು ಪಿ. ಸಿ. ಜಾರ್ಜ್ ಅವರೊಡನೆ 1950ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ತಲೆಬರಹವೇ ಅದರ ತಿರುಳು. ಮಲಬಾರು ಮತ್ತು ಕನ್ನಡ ಕರಾವಳಿಗಳ ಮೀನುಗಾರಿಕೆಗೆ ಹಠಾತ್ತನೆ ಒದಗುವ ಹಿನ್ನಡೆಗಳಿಗೆ ಕೆಂಪು ನೀರು ಸಂಭಾವ್ಯ ಕಾರಣ ಎಂಬುದು. ಮಲಬಾರಿನ ಪಕ್ಕದಲ್ಲಿ ಕನ್ನಡ ಕರಾವಳಿಯ ಹೆಸರು ಹೀಗೆ ತಲೆಬರಹಕ್ಕೆ ಏರಿತು. ‘ಸಂಭಾವ್ಯ’ ಎಂಬ ಮಾತನ್ನೂ ಗಮನಿಸಿರಿ. ವಿಜ್ಞಾನಿ ತಾನು ಕಂಡದ್ದಕ್ಕಿಂತ ಒಂದು ಗೇಣು ಹಿಂದೆ ನಿಂತು ಮಾತಾಡುತ್ತಾನೆ. ಬಲೆ ಬರಿದಾದವನು ಅಷ್ಟು ತಾಳ್ಮೆಯಿಂದ ಮಾತಾಡಲಾರ.

ಇವರು ಹಿಡಿದ ಅಪರಾಧಿಯ ಹೆಸರು ನಾಕ್ಟಿಲ್ಯೂಕ. ರಾತ್ರಿಯ ದೀಪ ಎಂದು ಅರ್ಥ. ಒಂದೇ ಕೋಶದ ಜೀವಿಯಾದರೂ ಸಬ್ಬಕ್ಕಿಯ ತೀರ ಚಿಕ್ಕ ಕಾಳಿನಂತೆ ಬರಿಗಣ್ಣಿಗೂ ಕಾಣುತ್ತದೆ. ತಾನು ಪಾಚಿಯಲ್ಲ, ಪಾಚಿಯನ್ನು ತಿನ್ನುವಂಥದು. ಡಯಾಟಮುಗಳನ್ನು ನುಂಗಿ ನುಂಗಿ ಬೆಳೆಯುತ್ತದೆ. ಹಗಲು ನೀರನ್ನು ಕೆಂಪಾಗಿಸಿ, ಇರುಳು ಅಲೆ ಮುರಿದಲ್ಲೆಲ್ಲ ನೀಲಿ ಬೆಳಕಾಗಿ ಮಿನುಗುತ್ತದೆ. 2020ರ ನವೆಂಬರ್ ತಿಂಗಳಲ್ಲಿ ಉಡುಪಿ ಜಿಲ್ಲೆಯ ಕಡಲು ಹೀಗೆ ಹೊಳೆಯಿತು. ಪೇಟೆಯವರೆಲ್ಲ ರಾತ್ರಿ ಮಲ್ಪೆಯ ಕಡೆಗೆ ವಾಹನ ಕಟ್ಟಿಕೊಂಡು ಹೋದರು, ಚಿತ್ರಗಳು ಊರೂರು ತಿರುಗಿದವು. ನೋಡಲು ಅದು ಚೆಂದವೇ. ಆದರೆ ನಾಕ್ಟಿಲ್ಯೂಕದ ಒಡಲಲ್ಲಿ ಅಮೋನಿಯ ತುಂಬಿರುತ್ತದೆ. ಹಿಂಡು ಸತ್ತಾಗ ಅದು ನೀರಿಗೆ ಬಿಡುತ್ತದೆ. ಸತ್ತ ರಾಶಿಯನ್ನು ಬ್ಯಾಕ್ಟೀರಿಯಗಳು ಕೊಳೆಯಿಸುವಾಗ ನೀರಿನ ಪ್ರಾಣವಾಯು ಮುಗಿಯುತ್ತದೆ. ಮಳೆಗಾಲದಲ್ಲಿ ಮೇಲೆ ಬಂದ ಆಳದ ನೀರಿನಲ್ಲಿ ಮೊದಲೇ ಪ್ರಾಣವಾಯು ಕಡಮೆ. ಬಂಗಡೆಯಂಥ ಚುರುಕು ಮೀನು ಇದನ್ನು ಅರಿತು ತಪ್ಪಿಸಿಕೊಂಡು ಹೋಗುತ್ತದೆ. ರಂಪಣಿ ಬಲೆಯ ಕಾಲದಲ್ಲಿ ಇಡೀ ಕೇರಿ ದಡದಲ್ಲಿ ನಿಂತು ಎಳೆಯುತ್ತಿದ್ದಾಗ ಬಲೆ ಬರಿದೆ ಬಂದಿತೆಂದರೆ ಇಡೀ ಕೇರಿಗೆ ಬರಿದೆ.

ಹಾರ್ನೆಲ್ ಹೆಸರಿಡಲಾಗದೆ ಬಿಟ್ಟ ಜೀವಿಗೆ ಹೆಸರು ಸಿಕ್ಕಿದ್ದು 1954ರಲ್ಲಿ. ಮದರಾಸಿನ ಪ್ರಸಿದ್ಧ ಪಾಚಿತಜ್ಞರಾದ ಎಂ. ಓ. ಪಿ. ಅಯ್ಯಂಗಾರ್ಯರೊಡನೆ ಡಯಾಟಮುಗಳ ಮೇಲೆ ಕೆಲಸ ಮಾಡಿದ್ದ ಆರ್. ಸುಬ್ರಹ್ಮಣ್ಯನ್ ಅವರು ಮಲಬಾರಿನ ಹಸಿರು ನೀರಿನಲ್ಲಿ ಅದನ್ನು ಕಂಡು, ಅದರ ಜೀವನಕ್ರಮವನ್ನು ಬರೆದು, ಹಾರ್ನೆಲ್ ಅವರ ನೆನಪಿಗೆ ಹಾರ್ನೆಲಿಯ ಮರೀನ ಎಂದು ಕರೆದರು. ಮೀನಿನ ಕಿವಿರನ್ನೇ ಕೆಡಿಸಿ ಕೊಲ್ಲುವ ಜೀವಿ ಇದು. 1982ರಲ್ಲಿ ಹಾರಾ ಮತ್ತು ಚಿಹಾರಾ ಎಂಬ ಜಪಾನಿನ ವಿದ್ವಾಂಸರು, ಇದು ಫ್ರಾನ್ಸಿನವರು 1936ರಲ್ಲಿಯೇ ಹೆಸರಿಸಿದ್ದ ಚಟೊನೆಲ್ಲ ಕುಲಕ್ಕೆ ಸೇರಿದ್ದೆಂದು ತೋರಿಸಿದರು. ಶಾಸ್ತ್ರದ ನಿಯಮದಂತೆ ಹಳೆಯ ಹೆಸರೇ ಊರ್ಜಿತ. ಹಾರ್ನೆಲ್ಲರ ಹೆಸರು ಅಳಿದು ಮರೀನ ಎಂಬುದಷ್ಟೇ ಉಳಿಯಿತು. ದೋಣಿಯಲ್ಲಿ ಕುಳಿತು ಬಲೆಗಾರರ ಮಾತು ಕೇಳಿದ ಮನುಷ್ಯನ ಹೆಸರು ಹೋದದ್ದು ನನಗೇನೋ ಸರಿಯೆನಿಸುವುದಿಲ್ಲ, ನಿಯಮಕ್ಕೆ ಅನಿಸಿಕೆಗಳಿಲ್ಲ. ಜಪಾನೀಯರಿಗೆ ಇದರ ಮೇಲೆ ಅಷ್ಟು ಆಸಕ್ತಿ ಹುಟ್ಟಲು ಕಾರಣವಿತ್ತು. ಅವರ ಒಳನಾಡ ಕಡಲಿನಲ್ಲಿ 1972ರಲ್ಲಿ ಚಟೊನೆಲ್ಲದ ಹಾವಳಿಗೆ ಸಾಕುಮೀನುಗಳು ಸುಮಾರು 1 ಕೋಟಿ 40 ಲಕ್ಷ ಸತ್ತಿದ್ದವು.

ಸುಬ್ರಹ್ಮಣ್ಯನ್ ಅವರು ಅದೇ 1954ರಲ್ಲಿ ಇನ್ನೊಂದು ವಿಚಿತ್ರವನ್ನೂ ಪ್ರಕಟಿಸಿದ್ದರು. ಕಲ್ಲಿಕೋಟೆಯ ಮುಂದೆ ಕಡಲನ್ನು ಹಸಿರಾಗಿಸಿದ ನಾಕ್ಟಿಲ್ಯೂಕದ ಹೊಟ್ಟೆಯೊಳಗೆ ಸಣ್ಣ ಹಸಿರು ಜೀವಿಗಳು ಜೀವಂತವಾಗಿ ಈಜಾಡುತ್ತಿದ್ದವು. ಅತಿಥೇಯನು ಮನೆ ಕೊಡುತ್ತಾನೆ. ಅತಿಥಿಗಳು ಬಿಸಿಲಿನಲ್ಲಿ ಅಡಿಗೆ ಮಾಡಿ ಬಡಿಸುತ್ತಾರೆ. ಇದಕ್ಕೆ ಅವರು ಪ್ರೋಟೋಯೂಗ್ಲೀನ ಎಂದು ಹೆಸರಿಟ್ಟರು. ಅನಂತರದವರು ಹೆಸರು ಬದಲಾಯಿಸಿದರು. 2016ರಲ್ಲಿ ಮತ್ತೆ ಹಳೆಯ ಹೆಸರಿಗೇ ಮರಳಬೇಕಾಯಿತು. ಈ ಹಸಿರು ನಾಕ್ಟಿಲ್ಯೂಕ ಈಚೆಗೆ ಅರಬ್ಬೀ ಸಮುದ್ರದ ಬಡಗಣ ಭಾಗವನ್ನು ಚಳಿಗಾಲದಲ್ಲಿ ಆವರಿಸುತ್ತಿದೆ. ಪ್ರಾಣವಾಯು ಕಡಮೆಯಾದ ನೀರು ಮೇಲೆ ಬರುತ್ತಿರುವುದಕ್ಕೂ ಇದಕ್ಕೂ ನಂಟಿದೆಯೆಂದು ಹೆಲ್ಗಾ ಗೋಮೆಸ್, ಜೋಕಿಂ ಗೋಯೆಸ್ ಮತ್ತು ಅವರ ಸಂಗಡಿಗರು 2014ರಲ್ಲಿ ಬರೆದರು.

1956ರಲ್ಲಿ ಉತ್ತರ ಕನ್ನಡವು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಅದೇ ವರ್ಷ ಕಾರವಾರದ ಬಂಗಡೆಯನ್ನು ಕುರಿತು ಎಲ್. ಬಿ. ಪ್ರಧಾನ್ ಬರೆದರು. 1965ರಲ್ಲಿ ಎಸ್. ರಾಮಮೂರ್ತಿಯವರು ಉತ್ತರ ಕನ್ನಡ ತೀರದ ತೇಲುಜೀವಿಗಳನ್ನೂ ಅವುಗಳಿಗೆ ಮೀನುಗಾರಿಕೆಯೊಡನೆ ಇರುವ ಸಂಬಂಧವನ್ನೂ ಕುರಿತು ಪ್ರಬಂಧ ಬರೆದಾಗ, ನಮ್ಮ ಬಡಗಣ ತೀರ ಕೊನೆಗೂ ಪುಸ್ತಕಕ್ಕೆ ಬಂದಿತು. ಬೇಸಗೆಯಲ್ಲಿ ಮರದ ಹೊಟ್ಟಿನಂತೆ ತೇಲುವುದು ಟ್ರೈಕೋಡೆಸ್ಮಿಯಮ್ ಎಂಬ ನೀಲಹಸಿರು ಜೀವಿ. ಕ್ಯಾಪ್ಟನ್ ಕುಕ್ಕನ ನಾವಿಕರು ಅದನ್ನು ಆಸ್ಟ್ರೇಲಿಯದ ಬಳಿ 1770ರಲ್ಲಿ ಕಂಡು ಕಡಲಿನ ಮರದಪುಡಿ ಎಂದೇ ಕರೆದರು. ಮಂಗಳೂರಿನ ಮುಂದೆ ಅದು ಅಸಾಧಾರಣವಾಗಿ ನೆರೆದದ್ದನ್ನು ಪ್ರಭು, ರಾಮಮೂರ್ತಿ ಮೊದಲಾದವರು 1965ರಲ್ಲಿ ವರದಿ ಮಾಡಿದರು. 1971ರಲ್ಲಿ ಅದಕ್ಕೂ ತಾರ್ಲೆ ಕೈಕೊಟ್ಟದ್ದಕ್ಕೂ ಸಂಬಂಧ ಕಲ್ಪಿಸಿ ಬರೆದರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಕೇಡು. ನೀರು ಬಣ್ಣಗೆಡುತ್ತದೆ, ಮೀನು ಓಡುತ್ತದೆ ಅಥವಾ ಸಾಯುತ್ತದೆ, ಬಲೆ ಬರಿದಾಗುತ್ತದೆ. ನಷ್ಟ ದೊಡ್ಡದು. ಆದರೂ ತಲೆಮಾರುಗಳಿಂದ ನೀರನ್ನು ನೋಡಿ ಪಳಗಿದ ಕಣ್ಣು ಅದನ್ನು ದೂರದಿಂದಲೇ ಗುರುತಿಸಬಲ್ಲದು. ಮುಂದಿನ ಸಂಗತಿ ಅಂಥದಲ್ಲ.

1793ರ ಜೂನ್ ತಿಂಗಳಲ್ಲಿ ಕ್ಯಾಪ್ಟನ್ ವ್ಯಾಂಕೂವರನ ನಾವಿಕರು ಅಮೆರಿಕದ ವಾಯವ್ಯ ತೀರದಲ್ಲಿ ಇಳಿದು ಕಲ್ಲಿಗಂಟಿದ ಚಿಪ್ಪಿಗಳನ್ನು ಬೇಯಿಸಿ ತಿಂದರು. ತುಟಿ ಜೋಮು ಹಿಡಿಯಿತು, ಕೈಕಾಲು ಮರಗಟ್ಟಿತು. ಜಾನ್ ಕಾರ್ಟರ್ ಎಂಬವನು ಸತ್ತನು. 1927ರಲ್ಲಿ ಸಾನ್ ಫ್ರಾನ್ಸಿಸ್ಕೋದ ಸುತ್ತಿನಲ್ಲಿ ನೂರಕ್ಕೆ ಮೇಲ್ಪಟ್ಟು ಜನ ಇದೇ ರೀತಿ ಕಾಯಿಲೆ ಬಿದ್ದು 6 ಮಂದಿ ತೀರಿಕೊಂಡರು. ಹತ್ತು ವರ್ಷ ಬೆನ್ನು ಹತ್ತಿದ ಸಾಮರ್ ಮತ್ತು ಮೇಯರ್ 1937ರಲ್ಲಿ ಈ ವಿಷ ಚಿಪ್ಪಿಯದಲ್ಲ, ಚಿಪ್ಪಿ ತಿಂದ ಡೈನೋಫ್ಲಾಜೆಲೇಟಿನದು ಎಂದು ಸಿದ್ಧಮಾಡಿದರು. ಚಿಪ್ಪಿ ಗಂಟೆಗೆ ಲೀಟರುಗಟ್ಟಲೆ ನೀರನ್ನು ಒಡಲೊಳಗೆ ಎಳೆದು ಸೋಸಿ ಬಿಡುತ್ತದೆ. ಸೋಸಿ ಉಳಿದದ್ದು ಅದರ ಊಟ. ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ವಿಷಜೀವಿಗಳು ಚಿಪ್ಪಿಯ ಒಡಲಲ್ಲಿ ಒಟ್ಟುಗೂಡುತ್ತವೆ. ಚಿಪ್ಪಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೀರು ಕೆಂಪಾಗಿರಲೇಬೇಕೆಂದಿಲ್ಲ, ನೀರು ತಿಳಿಯಾಗಿ ಕಾಣುವಾಗಲೂ ಚಿಪ್ಪಿ ವಿಷವಾಗಿರಬಹುದು. ಮತ್ತೆ, ಕೆಂಪು ನೀರಿನ ಎಷ್ಟೋ ಜೀವಿಗಳಲ್ಲಿ ಈ ವಿಷವೇ ಇಲ್ಲ.

ಇದು ಅಮೆರಿಕದ ಕಥೆಯೆಂದು ನಮ್ಮವರು ತಿಳಿದಿದ್ದ ಕಾಲದಲ್ಲಿ, 1981ರಲ್ಲಿ ತಮಿಳುನಾಡಿನ ತೀರದಲ್ಲಿ ಬೆಳಚು ತಿಂದು 3 ಜನ ಸತ್ತರು. ಎರಡು ವರ್ಷ ಕಳೆದು ಅದು ಕನ್ನಡದ ಬಾಗಿಲಿಗೆ ಬಂದಿತು. ಪಾರ್ತಿಸುಬ್ಬನ ಊರೆಂದು ಯಕ್ಷಗಾನಪ್ರಿಯರು ಬಲ್ಲ ಕುಂಬಳೆ, ಕಾಸರಗೋಡಿನ ಕಡೆಯದು. 1983ರಲ್ಲಿ ಅಲ್ಲಿನ ಅಳಿವೆಯ ಚಿಪ್ಪುಗಳನ್ನು ತಿಂದ ಹುಡುಗನೊಬ್ಬ ಸತ್ತನು. ಇನ್ನು ಕೆಲವರು ಆಸ್ಪತ್ರೆ ಸೇರಿದರು. ತುಳುವರು ಮರುವಾಯಿ ಎನ್ನುವ, ನಮ್ಮ ಬಡಗಣದವರು ಬೆಳಚು ಎನ್ನುವ ಆ ಚಿಪ್ಪನ್ನು ಶಾಸ್ತ್ರದಲ್ಲಿ ಮೆರೆಟ್ರಿಕ್ಸ್ ಕಾಸ್ಟ ಎನ್ನುತ್ತಾರೆ. ಮಂಗಳೂರಿನಲ್ಲಿ 1969ರಿಂದ ನಡೆಯುತ್ತಿದ್ದ ಮೀನುಗಾರಿಕಾ ಕಾಲೇಜಿನ ಸೂಕ್ಷ್ಮಜೀವಿ ವಿಜ್ಞಾನಿಗಳಾದ ಇಡ್ಯಾ ಕರುಣಾಸಾಗರ್, ಅವರ ಪತ್ನಿ ಇಂದ್ರಾಣಿ ಕರುಣಾಸಾಗರ್ ಮತ್ತು ಸಹೋದ್ಯೋಗಿಗಳು ಆ ಚಿಪ್ಪುಗಳನ್ನು ಪರೀಕ್ಷಿಸಿ, ಇದು ಅದೇ ಪಾರ್ಶ್ವವಾಯುವಿನಂಥ ಚಿಪ್ಪಿನ ವಿಷವೆಂದು 1984ರಲ್ಲಿ ಪ್ರಕಟಿಸಿದರು.

ಆಗಿನ ಪರೀಕ್ಷೆಯ ಕ್ರಮ ಕೇಳಲು ಕ್ರೂರ. ಚಿಪ್ಪಿನ ಮಾಂಸದ ರಸವನ್ನು ಇಲಿಗೆ ಚುಚ್ಚಿ, ಅದು ಎಷ್ಟು ಹೊತ್ತಿನಲ್ಲಿ ಸಾಯುವುದೆಂದು ಎಣಿಸುವುದು. ಆ ಲೆಕ್ಕದಿಂದ ವಿಷದ ಪ್ರಮಾಣ ಹೇಳುತ್ತಾರೆ. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಿದರೆ ತಿನ್ನಲು ತಕ್ಕದ್ದಲ್ಲವೆಂಬುದು ಲೋಕದಲ್ಲಿ ನಡೆದುಬಂದ ಮಿತಿ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತುಲಕ್ಷದಲ್ಲೊಂದು ಪಾಲು. ಸ್ಯಾಕ್ಸಿಟಾಕ್ಸಿನ್ ಎಂಬ ಈ ವಿಷ ನರಗಳ ಬಾಗಿಲುಗಳನ್ನು ಮುಚ್ಚುತ್ತದೆ. ಸೋಡಿಯಂ ಒಳಹೋಗದೆ ನರದ ಸಂದೇಶ ನಿಲ್ಲುತ್ತದೆ. ಉಸಿರಾಟದ ಸ್ನಾಯು ಕೊನೆಗೆ ನಿಲ್ಲುತ್ತದೆ. ಕುದಿಸಿದರೂ ಹುರಿದರೂ ಹುಳಿ ಹಾಕಿದರೂ ಅದು ಹೋಗುವುದಿಲ್ಲ. ಪ್ರತಿವಿಷವಿಲ್ಲ. ಆದರೆ ಹೊತ್ತಿಗೆ ಆಸ್ಪತ್ರೆಗೆ ಒಯ್ದು ಯಂತ್ರದಿಂದ ಉಸಿರಾಡಿಸಿದರೆ ರೋಗಿ ಬದುಕುತ್ತಾನೆ; ದೇಹ ತಾನೇ ವಿಷವನ್ನು ಹೊರಹಾಕುತ್ತದೆ. ಚಿಪ್ಪು ತಿಂದ ಅರ್ಧ ಗಂಟೆ, ಒಂದು ಗಂಟೆಯೊಳಗೆ ತುಟಿ, ನಾಲಗೆ, ಬೆರಳ ತುದಿ ಜುಮ್ಮೆಂದರೆ, ಮನೆಮದ್ದಿಗೆಂದು ಅಡಿಗೆಮನೆಯಲ್ಲಿ ಹುಡುಕುತ್ತ ಹೊತ್ತು ಕಳೆಯಬೇಡಿರಿ. ಇದು ಈ ಲೇಖನದಲ್ಲಿ ನೀವು ನೆನಪಿಡಬೇಕಾದ ಮಾತು.

ಕುಂಬಳೆಯ ತರುವಾಯ ಮಂಗಳೂರಿನವರು ಸುಮ್ಮನೆ ಕೂರಲಿಲ್ಲ. ಕರ್ನಾಟಕ ತೀರದಲ್ಲಿ ಚಿಪ್ಪು ತೆಗೆಯುವ ತಾಣಗಳಲ್ಲಿ ವಿಷವುಳ್ಳ ಡೈನೋಫ್ಲಾಜೆಲೇಟುಗಳು ಇವೆಯೇ ಎಂದು ಹುಡುಕಿದರು. ಇವೆಯೆಂದು 1989ರಲ್ಲಿ ಬರೆದರು. ಈ ಜೀವಿಗಳಲ್ಲಿ ಕೆಲವಕ್ಕೆ ಬೀಜದಂತೆ ಗಟ್ಟಿ ಕವಚ ತೊಟ್ಟು ಕೆಸರಿನಲ್ಲಿ ಮಲಗುವ ಅಭ್ಯಾಸವುಂಟು. ಒಂದು ವರ್ಷ ಕಾಣದೆ ಹೋದದ್ದು ಇನ್ನೊಂದು ವರ್ಷ ಏಳಬಹುದು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜದಲ್ಲಿ ಕಲ್ಲಿಗಂಟುವ ಚಿಪ್ಪಿ ತಿಂದು 7 ಜನ ಸತ್ತು ಸುಮಾರು 500 ಮಂದಿ ಆಸ್ಪತ್ರೆ ಸೇರಿದಾಗಲೂ ಪರೀಕ್ಷಿಸಿ ಬರೆದವರು ಈ ಮಂಗಳೂರಿನವರೇ. ಇಡ್ಯಾ ಕರುಣಾಸಾಗರ್ ಮುಂದೆ ರೋಮಿನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಹಾರ್ನೆಲ್ ಮೀನನ್ನು ನೋಡಿದರು, ಭೀಮಾಚಾರ್ ಬಲೆಯನ್ನು ನೋಡಿದರು, ಇವರು ಊಟದ ತಟ್ಟೆಯನ್ನು ನೋಡಿದರು. ನನ್ನ ಎಣಿಕೆಯಲ್ಲಿ ಈ ಇತಿಹಾಸದ ದೊಡ್ಡ ತಿರುವು ಇದೇ.

ಈಗ ನಮ್ಮ ಮೂರು ಊರುಗಳಿಗೆ ಹಿಂದಿರುಗೋಣ. ಹೊನ್ನಾವರದ ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ, ವಿದ್ಯುತ್ತು ತೆಗೆದ ಸಿಹಿನೀರು ಬೇಸಗೆಯಲ್ಲಿಯೂ ಅಳಿವೆಗೆ ಬರತೊಡಗಿತು. ಅಳಿವೆ ಸಪ್ಪೆಯಾಯಿತು, ಉಪ್ಪು ಬಯಸುವ ಚಿಪ್ಪುಗಳು ಅಲ್ಲಿ ಕುಂದಿದವು. ನಿಮ್ಮ ಮನೆಯ ರೇಡಿಯೋ ಹಾಡಲು ಬೇಕಾದ ವಿದ್ಯುತ್ತಿಗೆ ಹೊನ್ನಾವರದ ಬೆಳಚು ತೆತ್ತ ಬೆಲೆ ಇದು. ಕುಮಟೆಯ ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಹಳೆಯ ಕ್ರಮ ಅಲ್ಲಿ ಉಳಿದಿದೆ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದೂ ಆ ಕ್ರಮದಿಂದಲೇ. ಭರತ ಇಳಿದಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹೆಂಗಸರೂ ಗಂಡಸರೂ ಬೆಳಚು ಬಾಚುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪರವಾಗಿ ಭೂಮಿನಾಥನ್, ಸುಭಾಷಚಂದ್ರನ್ ಮತ್ತು ರಾಮಚಂದ್ರ ಅವರು 2008ರಲ್ಲಿ ಲೆಕ್ಕ ಹಾಕಿದಂತೆ ಈ ಅಳಿವೆಯೊಂದರಿಂದ ವರ್ಷಕ್ಕೆ ಸುಮಾರು 22,000 ಟನ್ನು ಚಿಪ್ಪು. ಆಗಿನ ಬೆಲೆಯಲ್ಲಿ ಸುಮಾರು 5 ಕೋಟಿ 78 ಲಕ್ಷ ರೂಪಾಯಿ. ಸುಮಾರು 2,300 ಮಂದಿಗೆ ನೇರ ದುಡಿಮೆ. ಇವರಲ್ಲಿ ಸುಭಾಷಚಂದ್ರನ್ ಕುಮಟೆಯ ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳಿದವರು. 2024ರಲ್ಲಿ ಅಘನಾಶಿನಿಯ ಅಳಿವೆ ಜಾಗತಿಕ ಮಹತ್ತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು.

ಇಂಥ ಅಳಿವೆಯ ಹೆಸರನ್ನು ವಿಷದ ಮಾತಿನ ಜೊತೆಗೆ ಎತ್ತುವುದು ನನಗೂ ಇಷ್ಟವಿಲ್ಲ. ಒಂದು ಅಂಜಿಕೆಯ ಮಾತು ಪೇಟೆಯಲ್ಲಿ ಹಬ್ಬಿತೆಂದರೆ, ಬುಟ್ಟಿ ಹೊತ್ತು ಬಂದ ಹೆಂಗಸು ಸಂಜೆಗೆ ತುಂಬಿದ ಬುಟ್ಟಿಯೊಡನೆ ಮನೆಗೆ ಮರಳಬೇಕಾಗುತ್ತದೆ. ಅವಳ ಬೆಳಚಿನಲ್ಲಿ ಏನೂ ಇಲ್ಲದಿದ್ದರೂ. ಆದುದರಿಂದಲೇ ಪರೀಕ್ಷೆ ಬೇಕು. ಹಲವು ದೇಶಗಳಲ್ಲಿ ಚಿಪ್ಪಿನ ತಾಣಗಳಿಂದ ತಪ್ಪದೆ ಮಾದರಿ ತೆಗೆದು, ವಿಷ ಮಿತಿ ಮೀರಿದ ಕೆಲವು ವಾರ ಮಾತ್ರ ತಾಣವನ್ನು ಮುಚ್ಚಿ, ಇಳಿದ ಮೇಲೆ ತೆರೆಯುತ್ತಾರೆ. ಚಿಪ್ಪು ಶುದ್ಧ ನೀರು ಕುಡಿಯುತ್ತ ತನ್ನ ವಿಷವನ್ನು ತಾನೇ ಕಳೆದುಕೊಳ್ಳುತ್ತದೆ. ಈಗ ಇಲಿಯೂ ಬೇಕಿಲ್ಲ. ರಾಸಾಯನಿಕ ಯಂತ್ರಗಳು ಆ ಕೆಲಸ ಮಾಡುತ್ತವೆ. ಆಗ ಮಾರುವವಳಿಗೂ ಕೊಳ್ಳುವ ನಿಮಗೂ ಅನುಮಾನದ ಬದಲು ಒಂದು ತಾರೀಖು ಸಿಗುತ್ತದೆ.

ಹೈದರಾಬಾದಿನಲ್ಲಿರುವ ಕೇಂದ್ರದ ಸಾಗರ ಮಾಹಿತಿ ಸಂಸ್ಥೆ ಉಪಗ್ರಹಗಳ ಕಣ್ಣಿನಿಂದ ಕಡಲಿನ ಬಣ್ಣವನ್ನು ನೋಡಿ ಪಾಚಿಯ ಸುದ್ದಿ ಕೊಡುವ ಒಂದು ಸೇವೆಯನ್ನು ನಡೆಸುತ್ತದೆ. ವಿಶೇಷ ಗಮನಕ್ಕೆಂದು ಅದು ನಾಲ್ಕು ಜಾಗಗಳನ್ನು ಆರಿಸಿಕೊಂಡಿದೆ: ಅರಬ್ಬೀ ಸಮುದ್ರದ ಈಶಾನ್ಯ ಭಾಗ, ಕೇರಳದ ತೀರ, ಮನ್ನಾರ್ ಕೊಲ್ಲಿ, ಒಡಿಶಾದ ಗೋಪಾಲಪುರ. ನಕ್ಷೆಯಲ್ಲಿ ಮೊದಲೆರಡರ ನಡುವೆ ಬೆರಳಿಟ್ಟು ನೋಡಿರಿ. ಬೆರಳ ಕೆಳಗೆ ಸಿಗುವುದು ಕಾರವಾರದಿಂದ ಮಂಗಳೂರಿನವರೆಗಿನ ಕನ್ನಡ ತೀರ. ಉಪಗ್ರಹವೇನೋ ನಮ್ಮ ತಲೆಯ ಮೇಲೂ ಹಾದುಹೋಗುತ್ತದೆ, ಕಡಲು ಕೆಂಪಾದರೆ ಕಾಣುತ್ತದೆ. ಬೆಳಚಿನ ಒಡಲಿನಲ್ಲಿ ಬಣ್ಣವಿಲ್ಲದೆ ಕುಳಿತದ್ದನ್ನು ಆಕಾಶದಿಂದ ನೋಡುವಂತಿಲ್ಲ. ಅದಕ್ಕೆ ಒಂದು ಚೀಲ ಚಿಪ್ಪು ಪ್ರಯೋಗಶಾಲೆಗೆ ಹೋಗಬೇಕು. ಬೆಳಗಿನ ಇಳಿತದಲ್ಲಿ ಅಘನಾಶಿನಿಯಿಂದ ತೆಗೆದ ಬೆಳಚು ಮಧ್ಯಾಹ್ನದೊಳಗೆ ಕುಮಟೆಯ ಮೀನುಪೇಟೆಯಲ್ಲಿರುತ್ತದೆ. ಕುಮಟೆಯಿಂದ ಮಂಗಳೂರಿಗೆ ಸುಮಾರು 200 ಕಿಲೋಮೀಟರು. ಕೊಂಕಣ ರೈಲಿಗೆ ಅದು ಒಂದು ಸಂಜೆಯ ದಾರಿ.